ಒಲೆಯ ಪಕ್ಕ ನಿಂತಿದ್ದ ಅತ್ತೆ

ಬದಿಯಡ್ಕ ಕಡೆಯ ಸೊಸೆಯೊಬ್ಬರ ಪತ್ರ ಬಂದಿದೆ. ಓದಿದ ಮೇಲೆ ಉಳಿದ ಪತ್ರಗಳನ್ನು ಬದಿಗಿಟ್ಟೆ.

ಅತ್ತೆ-ಮಾವನ ಮದುವೆಯಾಗಿ 40 ವರ್ಷವಾಯಿತೆಂದು ಇವರು ಮನೆಮಂದಿಯನ್ನೆಲ್ಲ ಕಾಸರಗೋಡು ಪೇಟೆಯ ಇಟಾಲಿಯನ್ ಹೋಟೆಲಿಗೆ ಕರಕೊಂಡು ಹೋದರು. ಬೆಳ್ಳುಳ್ಳಿ, ಮೊಟ್ಟೆ ಮುಟ್ಟದ ಮನೆ. ಗಂಡನ ಅಣ್ಣ ಮೆನು ಹಿಡಿದು ಎಲ್ಲರಿಗೂ ತಾನೇ ಆರ್ಡರ್ ಮಾಡಿದರು. ಬಂದದ್ದಕ್ಕೆಲ್ಲ ಬೆಳ್ಳುಳ್ಳಿಯ ವಾಸನೆ. ಮಾವ ತಟ್ಟೆ ದೂಡಿ ಎದ್ದು ಕಾರಿನಲ್ಲಿ ಕೂತರು. ಅಂದಿನಿಂದ ಸೊಸೆಯೊಡನೆ ಮಾತಿಲ್ಲ. ಮಾವನ ಕ್ಷಮೆ ಕೇಳಲೇ ಎಂಬುದು ಪ್ರಶ್ನೆ.

ತಂಗೀ, ನಿಮ್ಮ ಪತ್ರದಲ್ಲಿ ಮಾವನ ಸಿಟ್ಟಿಗೆ ಎರಡು ಪುಟ, ಅತ್ತೆಗೆ ಒಂದೇ ಸಾಲು: ಅವರು ಪಿಜ್ಜಾ ಸುಡುವ ಒಲೆಯ ಹತ್ತಿರ ನಿಂತು ಹಿಟ್ಟು ಎಷ್ಟು ಹೊತ್ತು ಹುದುಗಬೇಕೆಂದು ಹುಡುಗನಲ್ಲಿ ಮಲಯಾಳದಲ್ಲಿ ಕೇಳುತ್ತಿದ್ದರು, ಮಾವ ಎದ್ದದ್ದು ಕಂಡು ಹೊರಟುಬಂದರು, ಮನೆಯಲ್ಲಿ ರಾತ್ರಿ ಹತ್ತು ಗಂಟೆಗೆ ಗಂಜಿ ಬೇಯಿಸಿದರು.

ತನ್ನ ಮದುವೆಯ ದಿನದ ಊಟಕ್ಕೆ ಹೋಗಿ ಹಸಿದು ಬಂದು, ಒಲೆ ಹಚ್ಚಿದ್ದು ಅವರು. ಆ ಮೇಜಿನಲ್ಲಿ ಇಟಲಿಯ ಅಡುಗೆಯ ಬಗ್ಗೆ ನಿಜವಾದ ಪ್ರಶ್ನೆ ಕೇಳಿದ್ದೂ ಅವರೊಬ್ಬರೇ. ವರ್ಷಗಟ್ಟಲೆ ದೋಸೆಹಿಟ್ಟು ಕಡೆದು ಹುಳಿಬರಿಸಿದ ಕೈಗೆ ಆ ಹಿಟ್ಟು ಕಂಡ ಕೂಡಲೇ ಕುತೂಹಲ ಹುಟ್ಟಿದೆ. ಅವರಿಗೆ ಉತ್ತರ ಸಿಗಲಿಲ್ಲವಾದರೆ ನೀವೇ ಹೇಳಿ: ಇಟಲಿಯ ನೇಪಲ್ಸ್ ಊರಿನ ಕ್ರಮದ ಪಿಜ್ಜಾ ಹಿಟ್ಟಿಗೆ ಗೋಧಿಹಿಟ್ಟು, ನೀರು, ಉಪ್ಪು, ಯೀಸ್ಟ್ ಇಷ್ಟೇ. ಕಡಿಮೆಯೆಂದರೂ ಎಂಟು ಗಂಟೆ ಹುದುಗಬೇಕು. ಕಟ್ಟಿಗೆ ಒಲೆ 430 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿರುತ್ತದೆ, ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಈ ಕೈಕೆಲಸವನ್ನು ಯುನೆಸ್ಕೊ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ತಪ್ಪು ಗಂಡನ ಅಣ್ಣನದು. ಮೆನು ಇದ್ದದ್ದು ಇಂಗ್ಲಿಷ್, ಮಲಯಾಳದಲ್ಲಿ ಎಂದು ನೀವೇ ಬರೆದಿದ್ದೀರಿ. ನಮ್ಮ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತ ಎಷ್ಟೋ ಹೆಂಗಸರು ಮಲಯಾಳ ಸಲೀಸಾಗಿ ಆಡುತ್ತಾರೆ, ಓದಲು ಬರುವುದು ಕನ್ನಡ ಮಾತ್ರ. ಮೇಜಿನಲ್ಲಿ ಓದಲಾರದವರು ಒಬ್ಬರಿದ್ದರೆ ಮೊದಲು ಅವರಿಗೆ ಓದಿಹೇಳಬೇಕು, ಆಮೇಲೆ ಉಳಿದವರ ಆಯ್ಕೆ. ಈ ಮಾತನ್ನು ಇಲ್ಲಿ ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ದೊಡ್ಡ ಮಗ ಅಮ್ಮನಲ್ಲಿ ‘ನಿನಗೇನು ಬೇಕು’ ಎಂದು ಕೇಳಲಿಲ್ಲ. ನಿಮ್ಮ ಗಂಡನೂ ಸುಮ್ಮನೆ ಕೂತರು. ಮಾವನಿಗೆ ಬೆಳ್ಳುಳ್ಳಿ ಆಗದು, ಅದು ಸರಿಯೇ. ಆದರೆ ಹೆಂಡತಿ ಉಂಡಳೋ ಇಲ್ಲವೋ ನೋಡದೆ ಎದ್ದುಹೋದವರ ಕ್ಷಮೆ ನೀವು ಕೇಳಬೇಕಾಗಿಲ್ಲ.

ಮಾಡಬೇಕಾದ್ದು ಒಂದೇ. ಅತ್ತೆಯನ್ನು ಮತ್ತೆ ಅದೇ ಹೋಟೆಲಿಗೆ ಕರಕೊಂಡು ಹೋಗಿ, ನೀವಿಬ್ಬರೇ. ಹೋಟೆಲಿನಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿ, ಹಿಂದಿನ ದಿನವೇ ಫೋನ್ ಮಾಡಿ. ಮಾರ್ಗೆರಿಟಾ ಪಿಜ್ಜಾ ಹೇಳಿ: ಟೊಮೆಟೊ, ಮೊಝರೆಲ್ಲಾ ಚೀಸ್, ತುಳಸಿಯ ಜಾತಿಯದೇ ಆದ ಬೇಸಿಲ್ ಎಲೆ. ಮೂಲ ಕ್ರಮದಲ್ಲಿ ಬೆಳ್ಳುಳ್ಳಿ ಇಲ್ಲ, ಆದರೆ ಎಷ್ಟೋ ಕಡೆ ಸಾಸಿಗೆ ಹಾಕಿಡುತ್ತಾರೆ, ಹಾಗಾಗಿ ಮೊದಲೇ ಕೇಳಿ. ಚೀಸಿನ ಬಗ್ಗೆಯೂ ಕೇಳಿ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಅದು ನಿಮ್ಮ ಮನೆಗೆ ಆಗುವುದಿಲ್ಲ. ತಿರಮಿಸು ಎಂಬ ಸಿಹಿ ಬೇಡ, ಮೊಟ್ಟೆಯಿದೆ. ಮೆನುವನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿಹೇಳಿ, ಆರಿಸುವುದು ಅವರೇ ಆಗಲಿ. ಒಲೆಯ ಹತ್ತಿರ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲಲಿ.

ಆ ರಾತ್ರಿ ಮಾವನ ಊಟವನ್ನು ಅವರ ಇಬ್ಬರು ಗಂಡುಮಕ್ಕಳು ನೋಡಿಕೊಳ್ಳಲಿ.