ಸಂಪಾದಕರ ಉತ್ತರ: "ಜೊತೆಗೆ ಹೆಂಡತಿ ಮಕ್ಕಳೂ ಇದ್ದರು" ಅಂತ ಒಂದೇ ಸಾಲು ಯಾಕೆ?

ಸ್ಟುಟ್‌ಗಾರ್ಟಿಂದ ಬರ್ದಿರೋ ಮೇಡಂ ಅವರಿಗೆ ನಮಸ್ಕಾರ.

ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಿಲ್ಲ. ಆದ್ರೆ ನಿಮ್ಮ ಕಾಗದಕ್ಕೆ ಎರಡು ಸಾಲಿನ "ಧನ್ಯವಾದ" ಬರ್ದು ಮುಗಿಸೋಕೆ ಮನಸ್ಸಾಗ್ಲಿಲ್ಲ. ನಿಜ ಹೇಳ್ಬೇಕಂದ್ರೆ ಮೊದಲು ಓದಿದಾಗ ಸಿಟ್ಟೇ ಬಂತು, ಊಟ ಮಾಡ್ಕೊಂಡು ಬಂದು ಮತ್ತೆ ಓದಿದೆ, ಆಗ ತಪ್ಪು ನಮ್ಮದೇ ಅಂತ ಗೊತ್ತಾಯ್ತು.

ಬೇರೆ ಓದುಗರಿಗೆ ವಿಷಯ ಎಂತದು ಅಂತ ಹೇಳಿಬಿಡ್ತೇನೆ. ಇವರು ಮಂಗಳೂರಿನವರು, ಗಂಡನಿಗೆ ಅಲ್ಲಿ ಕಾರು ಕಂಪನಿಯಲ್ಲಿ ಕೆಲಸ, ಜರ್ಮನಿಗೆ ಹೋಗಿ ಸರಿಯಾಗಿ ಒಂದು ವರ್ಷ ಆಯ್ತು. ಹೋದ ತಿಂಗಳು ನಾವು ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ ಮೊದಲ ವರ್ಷಗಳ ಬಗ್ಗೆ ಆರು ಪುಟದ ಲೇಖನ ಹಾಕಿದ್ವಲ್ಲ, ಪ್ರೆಸ್ಸು, ಶಾಲೆ, ಹಂಚು, ನಿಘಂಟು ಎಲ್ಲ ಬಂತು, ಸಂಸಾರದ ವಿಷಯ ಬಂದಾಗ ಮಾತ್ರ "ಜೊತೆಗೆ ಹೆಂಡತಿ ಮಕ್ಕಳೂ ಇದ್ದರು" ಅಂತ ಒಂದು ಸಾಲು ಹಾಕಿ ಮುಂದೆ ಹೋಗಿದ್ವಿ. ಇವರು ಅದೇ ಸಾಲಿಗೆ ಗೆರೆ ಎಳೆದು ಫೋಟೋ ತೆಗ್ದು ಕಳಿಸಿ, "ಸಾರ್, ನನ್ನ ಗಂಡನ ಆಫೀಸಿನ ರಿಪೋರ್ಟಲ್ಲಿ ನಾನೂ ಹೀಗೇ ಇರ್ತೇನೆ, ಡಿಪೆಂಡೆಂಟ್ ಅಂತ. ಆ ಹೆಂಗಸರಿಗೆ ಮೊದಲ ವರ್ಷ ಹೇಗಿತ್ತು ಅಂತ ನಿಮಗೆ ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ?" ಅಂತ ಕೇಳಿದ್ದಾರೆ.

ಅನ್ನಿಸ್ಲಿಲ್ಲ ಮೇಡಂ. ಪ್ರತಿ ವರ್ಷ ಜುಲೈ 1ಕ್ಕೆ ನಾವು ಪತ್ರಿಕೆಯವರೆಲ್ಲ ಸೇರಿ ಹರ್ಮನ್ ಮೊಗ್ಲಿಂಗ್ ಫೋಟೋಕ್ಕೆ ಹಾರ ಹಾಕ್ತೇವೆ, 1843ರಲ್ಲಿ ಅದೇ ದಿನ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನ ಈ ಮಿಷನರಿ ಹೊರಡಿಸಿದ್ರು ಅಂತ ಭಾಷಣ ಮಾಡ್ತೇವೆ, ಕಲ್ಲಚ್ಚಲ್ಲಿ ನಾಲ್ಕು ಪುಟ, ಬೆಲೆ ಒಂದು ದುಡ್ಡು ಅಂತೆಲ್ಲ ನನಗೆ ಬಾಯಿಪಾಠ. ಮೊಗ್ಲಿಂಗರ ಹೆಂಡತಿ ಹೆಸರೆಂತ ಅಂತ ನಿಮ್ಮ ಕಾಗದ ಬಂದ ದಿನ ಆಫೀಸಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹುಡುಕಿದ ಮೇಲೆ ಸಿಕ್ಕಿತು, ಪೌಲಿನಾ. ಆಕೆ ಮೊದಲು ಮದುವೆಯಾಗಿದ್ದು ಮೊಗ್ಲಿಂಗರ ನೆಂಟರೂ ಜೊತೆಗಾರರೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆಯವರನ್ನ, ಕನ್ನಡ ಬೈಬಲ್ ಅನುವಾದಕ್ಕೆ ಕೂತಿದ್ದವರು ಅವರು. 1855ರಲ್ಲಿ ವೈಗ್ಲೆ ತೀರಿಕೊಂಡ್ರು, ಆಮೇಲೆ ಆಕೆಯನ್ನ ಮೊಗ್ಲಿಂಗ್ ಮದುವೆಯಾದ್ರು. ಹಾರ ಹಾಕೋ ಫೋಟೋದ ಹಿಂದೆ ಇಷ್ಟು ದೊಡ್ಡ ಕತೆ ಉಂಟು, ನಾವು ಇಷ್ಟು ವರ್ಷ ಹೂವಿನಂಗಡಿಯವನ ಬಿಲ್ ಮಾತ್ರ ನೋಡಿದ್ದು.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ಹೆಬಿಕ್, ಲೆಹ್ನರ್, ಗ್ರೈನರ್ ಅಂತ ಮೂರು ಜನ 1834ರ ಜುಲೈಯಲ್ಲಿ ಇಂಗ್ಲೆಂಡಲ್ಲಿ ಹಡಗು ಹತ್ತಿ ಅಕ್ಟೋಬರ್ 14ಕ್ಕೆ ಕಲ್ಲಿಕೋಟೆಗೆ ಬಂದು ಇಳಿದ್ರು, ತಿಂಗಳ ಕೊನೆಗೆ ಮಂಗಳೂರು. ಅದರ ಹಿಂದಿನ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಚಾರ್ಟರ್ ಬದಲಾಗಿ ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ತೆರೆದಿತ್ತು, ಅದಕ್ಕೇ ಬಂದದ್ದು. ಅವರಲ್ಲಿ ಹೆಂಗಸರಿಲ್ಲ. ಯಾಕೆ ಅಂದ್ರೆ ಬಾಸೆಲ್‌ನ ಕಮಿಟಿಯ ರೂಲ್ಸ್ ಹಾಗಿತ್ತು: ಮಿಷನರಿ ಒಂಟಿಯಾಗಿ ಹೋಗ್ಬೇಕು, ಅಲ್ಲಿ ಕಡೇಪಕ್ಷ ಎರಡು ವರ್ಷ ಕೆಲಸ ಮಾಡಿ ಭಾಷೆ ಕಲಿತು ತೋರಿಸ್ಬೇಕು, ಆಮೇಲೆ ಮದುವೆಗೆ ಪರ್ಮಿಷನ್ ಕೇಳ್ಬೇಕು. ಹುಡುಗಿಯನ್ನ ಕಮಿಟಿಯೇ ವಿಚಾರಿಸಿ ಒಪ್ಪಬೇಕು, ಬೇಕಾದ್ರೆ ಅವರೇ ಹುಡುಕಿ ಕೊಡ್ತಿದ್ರು. ಎಷ್ಟೋ ಹುಡುಗಿಯರು ಮದುವೆಯಾಗೋ ಗಂಡನ ಮುಖವನ್ನ ಮೊದಲು ನೋಡಿದ್ದು ಹಡಗಿಂದ ಇಳಿದ ಮೇಲೆ. ಇದನ್ನ ಓದಿ ಹೇಳಿದಾಗ ನಮ್ಮ ಪ್ರೂಫ್ ನೋಡೋ ಅಕ್ಕ, "ನಮ್ಮಲ್ಲಿ ಬ್ರೋಕರ್ ಆದ್ರೂ ಒಂದು ಫೋಟೋ ತರ್ತಾನೆ ಮಾರಾಯ್ರೆ" ಅಂದ್ರು.

ಅಂದ್ರೆ ಆ ಹೆಂಗಸರ ಮೊದಲ ವರ್ಷ ಎಲ್ಲ ಒಟ್ಟಿಗೇ ಬಂದು ಬಿದ್ದ ವರ್ಷ. ಗಂಡ ಹೊಸಬ, ಊರು ಹೊಸದು, ಭಾಷೆ ಕನ್ನಡವೋ ತುಳುವೋ ಮಲಯಾಳವೋ ಗೊತ್ತಾಗೋದರೊಳಗೆ ಜೂನ್ ಬಂತು. ನಮ್ಮ ಊರಿನ ಜೂನ್ ನಿಮಗೆ ಹೇಳ್ಬೇಕಾ? ಪೆಟ್ಟಿಗೆಯಲ್ಲಿದ್ದ ಉಣ್ಣೆ ಬಟ್ಟೆ, ಚರ್ಮದ ಶೂ, ಅಮ್ಮ ಕೊಟ್ಟ ಬೈಬಲ್ಲಿನ ರಟ್ಟು, ಎಲ್ಲಕ್ಕೂ ಹಸಿರು ಬೂಷ್ಟು ಹಿಡಿಯೋ ಕಾಲ. ಮಳೆ ನಿಂತ ಮೇಲೆ ಜ್ವರ. ಮಲೇರಿಯಾ ಸೊಳ್ಳೆಯಿಂದ ಬರ್ತದೆ ಅಂತ ಆಗ ಯಾರಿಗೂ ಗೊತ್ತಿಲ್ಲ, ಕೆಟ್ಟ ಗಾಳಿಯಿಂದ ಅಂತ ಕಿಟಕಿ ಮುಚ್ಚಿ ಕೂತವರು ಅವರು. ಈ ಕತೆಯಲ್ಲಿ ಬದುಕಿ ಉಳಿದೋರ ಲೆಕ್ಕಕ್ಕಿಂತ ಸಣ್ಣ ವಯಸ್ಸಲ್ಲಿ ಹೋದವರೇ ಕಣ್ಣಿಗೆ ಬೀಳ್ತಾರೆ. ಕಿಟೆಲ್ ಅವರದ್ದೇ ನೋಡಿ, ಕನ್ನಡ ನಿಘಂಟು 1894, ಎಪ್ಪತ್ತು ಸಾವಿರ ಶಬ್ದ ಅಂತ ಎಲ್ರೂ ಹೇಳ್ತೇವೆ. 1860ರಲ್ಲಿ ಪೌಲಿನಾ ಐತ್ ಅನ್ನೋರನ್ನ (ಮೊಗ್ಲಿಂಗರ ಪೌಲಿನಾ ಬೇರೆ) ಮದುವೆಯಾದ್ರು, 1864ರಲ್ಲಿ ಆಕೆ ತೀರಿಹೋದ್ರು. ಆಮೇಲೆ ಆಕೆಯ ಒಡಹುಟ್ಟಿದ ಜೂಲಿಯನ್ನೇ ಮದುವೆಯಾದ್ರು. ಅಕ್ಕ ತಂಗಿಯರು ಇಬ್ಬರ ಬದುಕು ಆ ನಿಘಂಟಿನ ಕೆಲಸದ ಪಕ್ಕದಲ್ಲೇ ಕಳೀತು, ನಮ್ಮ ಲೇಖನದಲ್ಲಿ ಇಬ್ಬರೂ ಇಲ್ಲ.

ನೀವು ಒಂದು ಮಾತು ಬರ್ದಿದ್ದೀರಿ, ಫ್ಯಾಮಿಲಿ ಗ್ರೂಪಿಗೆ ಹಿಮದ ಫೋಟೋ ಹಾಕ್ತೇನೆ, ನವೆಂಬರಲ್ಲಿ ಸಂಜೆ ಐದಕ್ಕೇ ಕತ್ತಲಾಗಿ ಕಿಚನ್‌ನಲ್ಲಿ ನಿಂತು ಅತ್ತದ್ದು ಹಾಕಿಲ್ಲ ಅಂತ. ನನಗೆ ಕೀಲಿಕೈ ಸಿಕ್ಕಿದ್ದು ಅಲ್ಲಿ. ಮಿಷನರಿಗಳು ಬಾಸೆಲ್‌ಗೆ ರಿಪೋರ್ಟ್ ಬರೀಲೇಬೇಕಿತ್ತು, ಅದರಲ್ಲಿ ಕೆಲವು ಅಲ್ಲಿನ ಹೈಡನ್‌ಬೋಟೆ ಅನ್ನೋ ಪತ್ರಿಕೆಯಲ್ಲಿ ಅಚ್ಚಾಗ್ತಿತ್ತು, 1828ರಿಂದ ಬರ್ತಿದ್ದ ಪತ್ರಿಕೆ ಅದು. ಅದನ್ನ ಓದ್ತಿದ್ದವರು ಯಾರು? ನೀವು ಈಗ ಇರೋ ವುರ್ಟೆಂಬರ್ಗ್ ಕಡೆಯ ಹಳ್ಳಿಯ ರೈತರು, ನೇಕಾರರು, ಮನೆಕೆಲಸದ ಹೆಂಗಸರು. 1850ರ ದಶಕದಿಂದ ವಾರಕ್ಕೆ ಅರ್ಧ ಬಾಟ್ಸನ್ ಅಂತ ಚಿಲ್ಲರೆ ಕಾಸು ಎತ್ತಿ ಮಿಷನ್‌ಗೆ ಕೊಡ್ತಿದ್ದವರು. ಕಾಸು ಕೊಟ್ಟೋರಿಗೆ "ಹೆಂಡತಿ ಮೂರು ತಿಂಗಳಿಂದ ಮಾತಾಡ್ತಿಲ್ಲ, ಊರಿಗೆ ಹೋಗ್ಬೇಕು ಅಂತಾಳೆ" ಅಂತ ಯಾರು ಬರೀತಾರೆ ಹೇಳಿ. ಎಷ್ಟು ಜನ ಬಂದ್ರು, ಎಷ್ಟು ಮಕ್ಕಳು ಶಾಲೆಗೆ ಸೇರಿದ್ರು, ದೇವರ ದಯೆ, ಇಷ್ಟು. ನಮ್ಮ ಲೇಖಕರು ಆ ಥರದ ರಿಪೋರ್ಟುಗಳನ್ನ ನಂಬಿಕೊಂಡು ಬರೆದ್ರು, ನಾನು ನಂಬಿಕೊಂಡು ಅಚ್ಚು ಹಾಕಿದೆ. ನಿಮ್ಮ ಹಿಮದ ಫೋಟೋಗಳನ್ನ ಮಾತ್ರ ನೋಡಿ ನೂರೈವತ್ತು ವರ್ಷ ಆದ್ಮೇಲೆ ಯಾರೋ "ಸುಖವಾಗಿದ್ದರು" ಅಂತ ಬರೆದ ಹಾಗೆ ಆಯ್ತು ಅದು.

ಮಗನ ಬಗ್ಗೆ ಬರ್ದಿದ್ದು ಓದುವಾಗ ಮಾತ್ರ ನಾನು ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟೆ. ಆರು ವರ್ಷ, ಶಾಲೆಯ ಮೊದಲ ದಿನ, ಕೈಯಲ್ಲಿ ಅವನಷ್ಟೇ ಎತ್ತರದ ರಟ್ಟಿನ ಕೋನು, ಅದರ ತುಂಬ ಚಾಕಲೇಟು ಪೆನ್ಸಿಲ್ಲು, ನೀವು ಅದಕ್ಕೆ ಎರಡು ಗೇರುಬೀಜದ ಪ್ಯಾಕೆಟ್ಟೂ ತುರುಕಿದ್ರಿ ಅಂತ. ಮಿಷನರಿ ಮಕ್ಕಳಿಗೆ ಹೆಚ್ಚುಕಡಿಮೆ ಅದೇ ವಯಸ್ಸಲ್ಲಿ ಹಡಗು. 1853ರಲ್ಲಿ ಬಾಸೆಲ್‌ನಲ್ಲಿ ಮಕ್ಕಳ ಮನೆ ಅಂತ ಶುರುಮಾಡಿದ್ರು, ಶಾಲೆಗೆ ಹೋಗೋ ವಯಸ್ಸಾಯ್ತು ಅಂದ್ರೆ ಮಕ್ಕಳನ್ನ ಅಲ್ಲಿಗೆ ಕಳಿಸ್ಬೇಕು ಅಂತ ನಿಯಮ. ಇಲ್ಲಿದ್ರೆ ಕಾಯಿಲೆ ಬೀಳ್ತವೆ, ಆಯಾಗಳ ಜೊತೆ ಸೇರಿ ಇಲ್ಲಿಯವರೇ ಆಗ್ತವೆ ಅನ್ನೋ ಹೆದರಿಕೆ. ಅಪ್ಪ ಅಮ್ಮ ಇಲ್ಲಿ, ಮಗು ಅಲ್ಲಿ. ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ, ಮಗುವಿಗೆ ಜ್ವರ ಅಂತ ಕಾಗದ ಬರೋದರೊಳಗೆ ಜ್ವರ ಬಿಟ್ಟಿರ್ತಿತ್ತು, ಇಲ್ಲ ಮಗುವೇ ಬಿಟ್ಟು ಹೋಗಿರ್ತಿತ್ತು.

ಕೇರಳದ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಮರೀ ಗುಂಡರ್ಟ್ ಗೊತ್ತುಂಟಲ್ಲ. ಅಪ್ಪ ಹರ್ಮನ್ ಗುಂಡರ್ಟ್, ಮಲಯಾಳಂ ನಿಘಂಟಿನವರು. ಅಮ್ಮ ಜೂಲಿ ದ್ಯುಬೋವಾ, ಫ್ರೆಂಚ್ ಮಾತಾಡೋ ಸ್ವಿಸ್ ಹೆಂಗಸು, ಅಲ್ಲಿ ಹೆಣ್ಣುಮಕ್ಕಳ ಶಾಲೆ ಕಟ್ಟಿದವರು. ಮಕ್ಕಳ ಮನೆ ಶುರುವಾಗೋ ಮೊದಲೇ ಈ ಮಗುವನ್ನ ಮೂರು ನಾಲ್ಕು ವರ್ಷದಲ್ಲೇ ಯುರೋಪಿಗೆ ಕರ್ಕೊಂಡು ಹೋಗಿ ಅಲ್ಲೇ ಬಿಟ್ಟು ಬಂದ್ರು. ಅವಳು ವಾಪಸ್ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಬೇರೆಯವರ ಮಕ್ಕಳಿಗೆ ಶಾಲೆ ಕಟ್ಟಿದ ಅಮ್ಮ, ಸ್ವಂತ ಮಗಳು ದೊಡ್ಡವಳಾದದ್ದನ್ನ ನೋಡ್ಲಿಲ್ಲ. ನಾನು ಇದನ್ನ ಕ್ರೂರ ಅಂತಲೇ ಹೇಳ್ತೇನೆ. ಆ ಕಾಲಕ್ಕೆ ಅದು ಸರಿ ಅಂತ ಅವರೇ ನಂಬಿದ್ರು ಅನ್ನೋದರಿಂದ ಕ್ರೌರ್ಯ ಕಡಿಮೆ ಆಗೋದಿಲ್ಲ, ಅಷ್ಟೇ ಅಲ್ಲ ಆ ಅಮ್ಮಂದಿರಿಗೂ ಆ ನಿಯಮದಲ್ಲಿ ಬಾಯಿ ಇರ್ಲಿಲ್ಲ.

ನಿಮ್ಮ ಅತ್ತೆಯವರು ಫೋನಲ್ಲಿ "ನಮ್ಮೋರನ್ನ ಮತಾಂತರ ಮಾಡೋಕೆ ಬಂದವರ ಕಷ್ಟ ನಮಗೆಂತಕ್ಕೆ" ಅಂದ್ರು ಅಂತ ಬರ್ದಿದ್ದೀರಿ. ಅವರು ಹೇಳಿದ್ದರಲ್ಲಿ ಸುಳ್ಳೆಂತದೂ ಇಲ್ಲ, ಬಂದದ್ದು ಅದಕ್ಕೇ, ಪ್ರೆಸ್ಸೂ ಶಾಲೆಯೂ ಅದರ ಸುತ್ತ ಹುಟ್ಟಿದ್ದು. 1844ರ ಜನವರಿಯಲ್ಲಿ ಸಾರಸ್ವತ ಹುಡುಗರಿಗೆ ದೀಕ್ಷಾಸ್ನಾನ ಆದಾಗ ಮಂಗಳೂರಲ್ಲಿ ದೊಡ್ಡ ಗಲಾಟೆಯೇ ಆಯ್ತು. ಆ ಹುಡುಗರಲ್ಲಿ ಒಬ್ಬ ಆನಂದರಾಯ ಕೌಂಡಿನ್ಯ, ಇವರ ಕತೆ ಅತ್ತೆಯವರಿಗೂ ಹೇಳಿ. ಮದುವೆಯಾಗಿದ್ದ ಹುಡುಗ, ಹೆಂಡತಿ ಅವನ ಹಿಂದೆ ಬರ್ಲಿಲ್ಲ. ಒಂದು ಮನೆ ಅಲ್ಲೇ ಮುರೀತು, ಅದರ ಕಷ್ಟ ಪಟ್ಟದ್ದು ನಮ್ಮ ಊರಿನ ಹುಡುಗಿ. ಅವಳನ್ನೂ ನಾವು ಬರೀಲಿಲ್ಲ, ಇದನ್ನೂ ನನ್ನ ಲೆಕ್ಕಕ್ಕೆ ಹಾಕಿ.

ಮೊಗ್ಲಿಂಗ್ 1846ರಲ್ಲಿ ಊರಿಗೆ ಹೋಗುವಾಗ ಕೌಂಡಿನ್ಯರನ್ನ ಜೊತೆಗೆ ಕರ್ಕೊಂಡು ಹೋದ್ರು, ಬಾಸೆಲ್‌ನಲ್ಲಿ ಓದಿ, ಪಾದ್ರಿಯಾಗಿ 1851ರಲ್ಲಿ ವಾಪಸ್ ಬಂದ್ರು. ಕುಚ್ಚಲಕ್ಕಿ ಗಂಜಿ ಕುಡ್ಕೊಂಡು ಬೆಳೆದ ಮಂಗಳೂರಿನ ಹುಡುಗ ಆ ಚಳಿಯಲ್ಲಿ ನಾಲ್ಕೈದು ವರ್ಷ. ನಿಮಗೆ ಇಂಡಿಯನ್ ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಗೋದಿಲ್ಲ ಅಂತ ಬೇಜಾರಲ್ವಾ, ಅವರಿಗೆ ಅಂಗಡಿಯೇ ಇರ್ಲಿಲ್ಲ. ಮುಂದೆ 1860ರಲ್ಲಿ ಅವರು ಮದುವೆಯಾದದ್ದು ಮರೀ ರೈನ್‌ಹಾರ್ಟ್ ಅನ್ನೋ ಜರ್ಮನ್ ಹೆಂಗಸನ್ನ. ಆ ಕಾಲಕ್ಕೆ ಮಂಗಳೂರಲ್ಲಿ ಅಂಥ ಸಂಸಾರ ಅಂದ್ರೆ ಎರಡೂ ಕಡೆಯವರು ಹೇಗೆ ನೋಡಿರ್ಬೇಕು ಅಂತ ನೀವೇ ಯೋಚನೆ ಮಾಡಿ, ನಿಮ್ಮನ್ನ ಟ್ರಾಮಲ್ಲಿ ನೋಡ್ತಾರೆ ಅಂತ ಬರ್ದಿದ್ದೀರಲ್ಲ ಅದರ ಹತ್ತು ಪಾಲು.

ಇನ್ನು ಕೇರ್‌ವೋಖೆ. ನನಗೆ ನಿಮ್ಮ ಕಾಗದದಲ್ಲಿ ಎಲ್ಲಕ್ಕಿಂತ ಇಷ್ಟ ಆದದ್ದು ಅದು. ಬಾಗಿಲಿನ ಹಿಡಿಗೆ ಮರದ ಬೋರ್ಡು ನೇತಾಡ್ತಿತ್ತು, ಹಬ್ಬದ ಶುಭಾಶಯ ಅಂತ ತಿಳ್ಕೊಂಡು ಒಳಗೆ ತಂದು ದೇವರ ಫೋಟೋ ಪಕ್ಕ ಇಟ್ರಿ, ನಾಲ್ಕನೇ ದಿನ ಕೆಳಗಿನ ಮನೆ ಅಜ್ಜಿ ಬಂದು ಪೊರಕೆ ತೋರಿಸಿ, ಈ ವಾರ ಮೆಟ್ಟಿಲು ಗುಡಿಸೋ ಸರದಿ ನಿಮ್ಮದು, ಕೇರ್‌ವೋಖೆ ಅಂದ್ರೆ ಅದೇ ಅಂತ ಹೇಳಿದ್ರು! ಆಫೀಸಲ್ಲಿ ಎಲ್ರಿಗೂ ಓದಿ ಹೇಳಿದೆ. ಆದ್ರೆ ನಗುವಾಗ ಒಂದು ಹೊಳೀತು, ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮಿಷನರಿ ಪ್ಲೆಬ್ಸ್ಟ್ ಕಾಲದಿಂದ ನಮ್ಮ ಅಜ್ಜಂದಿರಿಗೆ ಗಂಟೆ ಹೊಡೆದ ಕೂಡ್ಲೇ ಒಳಗಿರ್ಬೇಕು, ಹೊಡೆದ ಕೂಡ್ಲೇ ಹೊರಗೆ ಅನ್ನೋ ಶಿಸ್ತು ಬಂತಲ್ಲ, ಆ ಶಿಸ್ತು ನಿಮ್ಮ ಕೆಳಗಿನ ಮನೆ ಅಜ್ಜಿಯ ನೆಂಟಸ್ತನದ್ದೇ ಇರ್ಬೇಕು. ಇದು ನನ್ನ ಊಹೆ, ಸಂಶೋಧನೆ ಅಲ್ಲ, ನಾಳೆ ಯಾರೂ ಇದಕ್ಕೆ ಇನ್ನೊಂದು ಕಾಗದ ಬರೀಬೇಡಿ.

ಒಂದು ಭಾನುವಾರ ಪುರುಸೊತ್ತು ಮಾಡ್ಕೊಂಡು ಮಗನನ್ನೂ ಕರ್ಕೊಂಡು ಕಾಲ್ಫ್‌ಗೆ ಹೋಗಿ ಬನ್ನಿ, ನಿಮಗೆ ದೂರ ಏನಲ್ಲ, ಮರೀ ಗುಂಡರ್ಟ್ ಆಮೇಲೆ ಸಂಸಾರ ಮಾಡಿದ ಊರು ಅದು. ಮರೀ ಗುಂಡರ್ಟ್ ಮೊದಲ ಗಂಡ ತೀರಿಕೊಂಡ ಮೇಲೆ 1874ರಲ್ಲಿ ಮದುವೆಯಾದದ್ದು ಯೊಹಾನೆಸ್ ಹೆಸ್ಸೆಯನ್ನ. ಅವರೂ ಮಂಗಳೂರಿಗೆ ಬಂದು ಕನ್ನಡ ಕಲಿತು ಬಲ್ಮಠದ ಸೆಮಿನರಿಯಲ್ಲಿ, ಅಂದ್ರೆ ಪಾದ್ರಿಗಳ ಶಾಲೆಯಲ್ಲಿ ಪಾಠ ಮಾಡಿ, ಆರೋಗ್ಯ ಕೆಟ್ಟು 1873ರಲ್ಲಿ ವಾಪಸ್ ಹೋದವರು. ಅವರ ಮಗನೇ ಸಾಹಿತ್ಯಕ್ಕೆ ನೊಬೆಲ್ ಬಂದ ಹರ್ಮನ್ ಹೆಸ್ಸೆ. ಕಾಲ್ಫ್‌ನ ಸೇತುವೆ ಮೇಲೆ ಹರ್ಮನ್ ಹೆಸ್ಸೆಯ ಕಂಚಿನ ಮೂರ್ತಿ ಉಂಟು. ಎಲ್ರೂ ಅದರ ಜೊತೆ ಸೆಲ್ಫಿ ತೆಗಿತಾರಂತೆ, ನೀವು ತೆಗ್ದರೂ ಅಡ್ಡಿಯಿಲ್ಲ, ಆದ್ರೆ ಆ ಊರಲ್ಲಿ ಒಬ್ಬ ಹೆಂಗಸು ತಲಶ್ಶೇರಿಯ ಮಳೆಯನ್ನೂ ಒಬ್ಬ ಗಂಡಸು ಬಲ್ಮಠದ ಗುಡ್ಡೆಯನ್ನೂ ತಲೆಯೊಳಗೆ ಇಟ್ಕೊಂಡು ಸಂಸಾರ ಮಾಡ್ತಿದ್ರು ಅಂತ ಮಗನಿಗೆ ಹೇಳಿ, ಕನ್ನಡದಲ್ಲೇ ಹೇಳಿ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕ್ತೇವೆ. ಚಿಕ್ಕ ಅಕ್ಷರದಲ್ಲಿ ಕೊನೇ ಪುಟದ ಮೂಲೆಗೆ ಅಲ್ಲ, ಎರಡು ಪುಟ, ಪೌಲಿನಾ, ಜೂಲಿ, ಮರೀ ಹೆಸರುಗಳ ಜೊತೆ. ಅದರ ಪಕ್ಕದ ಎರಡು ಪುಟ ನಿಮಗೆ ಖಾಲಿ ಇಟ್ಟಿದ್ದೇನೆ, ನಿಮ್ಮ ಒಂದು ವರ್ಷ ಬರೀರಿ, ಫ್ಯಾಮಿಲಿ ಗ್ರೂಪಿಗೆ ಹಾಕದೆ ಇದ್ದದ್ದನ್ನ. ಹೆಸರು ಬೇಡ ಅಂದ್ರೆ ಬೇಡ. 25ನೇ ತಾರೀಕಿನ ಒಳಗೆ ಬೇಕು, ಸಂಭಾವನೆ ಕಡಿಮೆ ಅಂತ ಈಗ್ಲೇ ಹೇಳಿಬಿಡ್ತೇನೆ. ಮತ್ತೆ ಆ ಬೋರ್ಡು ಇನ್ನೊಮ್ಮೆ ನಿಮ್ಮ ಬಾಗಿಲಿಗೆ ಬಂದಾಗ ಅಜ್ಜಿ ನೋಡೋದರೊಳಗೆ ಒಂದು ಫೋಟೋ ತೆಗ್ದು ಕಳಿಸಿ.

– ಸಂಪಾದಕ