ಮಗುವಿಗೆ ಫಿಟ್ಸ್ ಬಂದಾಗ ಗ್ರೂಪಿಗೆ ಮೆಸೇಜ್ ಹಾಕಬೇಡಿ

ಜ್ವರ, ಫಿಟ್ಸ್, ಆಮೇಲೆ ‘ನಮ್ಮ ಗ್ರೂಪಿನಲ್ಲಿ ಹೀಗಂದ್ರು’. ಮಳೆ ಹಿಡಿದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಇದೇ ತುಂಬಿರುತ್ತದೆ. ಹಾಗಾಗಿ ಈ ಸಲ ಒಂದೇ ಪತ್ರಕ್ಕೆ ಜಾಗ ಜಾಸ್ತಿ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಥರ್ಮಾಮೀಟರ್ ಹೇಗೆ ಇಡಬೇಕು ಅಂತೆಲ್ಲ ಇಲ್ಲಿ ಬರೆಯುವುದಿಲ್ಲ. ಡಬ್ಬಿಯಲ್ಲಿ ಚೀಟಿ ಇರುತ್ತದೆ, ಓದಿಕೊಳ್ಳಿ.

ಪ್ರಶ್ನೆ: ಡಾಕ್ಟ್ರೇ, ನಾನು ಬಸುರಿಯಾಗಿದ್ದಾಗ ಆನ್‌ಲೈನ್‌ನಲ್ಲಿ ಪರಿಚಯವಾದ ಗೆಳತಿಯರ ಒಂದು ಗ್ರೂಪ್ ಇದೆ. ಎಲ್ಲರ ಹೆರಿಗೆಯೂ ಒಂದೆರಡು ತಿಂಗಳ ಆಚೀಚೆ. ಒಬ್ಬಳು ಶಿರಸಿಯಲ್ಲಿ, ಒಬ್ಬಳು ಮಸ್ಕತ್‌ನಲ್ಲಿ, ನಾನು ಹಾವೇರಿಯಲ್ಲಿ. ಹೆರಿಗೆ, ತೊಟ್ಟಿಲ ಶಾಸ್ತ್ರ, ಮೊದಲ ಹಲ್ಲು, ಎಲ್ಲ ಸುದ್ದಿಯೂ ಮೊದಲು ಅಲ್ಲಿಗೇ. ಹೋದ ತಿಂಗಳು ಒಂದು ರಾತ್ರಿ ನನ್ನ ಹತ್ತು ತಿಂಗಳ ಮಗನಿಗೆ ಜ್ವರ ಏರಿ, ಕಣ್ಣು ಮೇಲೆ ಸಿಕ್ಕಿಸಿಕೊಂಡು, ಕೈಕಾಲು ಸೆಟೆದು ಅದುರತೊಡಗಿದ. ತುಟಿ ನೀಲಿಯಾಯಿತು. ಸತ್ತೇಹೋದ ಅಂದುಕೊಂಡೆ. ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಕೈಗೆ ಕಬ್ಬಿಣದ ಬೀಗದ ಕೈ ಕೊಡು, ಈರುಳ್ಳಿ ಮೂಸಿಸು, ಹಲ್ಲಿನ ನಡುವೆ ಚಮಚ ಇಡು ಅಂದರು. ಒಬ್ಬಳು ತನ್ನ ಮಗಳಿಗೆ ಹಿಂದೆ ಬರೆದಿದ್ದ ಆ್ಯಂಟಿಬಯೋಟಿಕ್ ಸಿರಪ್ಪಿನ ಫೋಟೋ ಕಳಿಸಿದಳು. ಎರಡು ಮೂರು ನಿಮಿಷಕ್ಕೆ ಅದುರುವುದು ನಿಂತಿತು. ಅದೇ ಸಿರಪ್ ತರಿಸಿ ಎರಡು ಸಲ ಹಾಕಿ, ಬೆಳಗ್ಗೆ ಆಸ್ಪತ್ರೆಗೆ ಹೋದೆವು. ಅಲ್ಲಿ ಬೆನ್ನಿನಿಂದ ನೀರು ತೆಗೆಯಬೇಕು ಅಂದರು. ಕಾಲಿನ ಸ್ವಾಧೀನ ಹೋಗುತ್ತದೆ ಎಂದು ನಮ್ಮತ್ತೆ ಒಪ್ಪಲಿಲ್ಲ. ಅಡ್ಮಿಟ್ ಮಾಡಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಈಗ ಮಗ ಚೆನ್ನಾಗಿದ್ದಾನೆ. ಮತ್ತೆ ಬರುತ್ತದಾ? ಮುಂದೆ ಮೂರ್ಛೆರೋಗ ಆಗುತ್ತದಾ? ಆ ಪರೀಕ್ಷೆ ನಿಜಕ್ಕೂ ಬೇಕಿತ್ತಾ?

ಉತ್ತರ: ನೋಡಮ್ಮಾ, ನಿಮ್ಮ ಮಗನಿಗೆ ಬಂದದ್ದು ಬಹುಶಃ ಜ್ವರದ ಫಿಟ್ಸ್. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಕ್ಕಳಿಗೆ ಬರುತ್ತದೆ. ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ ಜಾಸ್ತಿ. ನೋಡುವವರ ಜೀವ ಹೋಗುತ್ತದೆ, ಮಗುವಿನ ಜೀವ ಹೋಗುವುದಿಲ್ಲ. ಬಹುಪಾಲು ಐದು ನಿಮಿಷದೊಳಗೆ ತಾನಾಗೇ ನಿಲ್ಲುತ್ತದೆ. ಬೀಗದ ಕೈ ಕೊಟ್ಟರೂ ನಿಲ್ಲುತ್ತದೆ, ಕೊಡದಿದ್ದರೂ ನಿಲ್ಲುತ್ತದೆ. ಕಬ್ಬಿಣಕ್ಕೆ ಹೆಸರು ಬಂದದ್ದು ಹೀಗೆ. ಈರುಳ್ಳಿಗೂ ಹೀಗೇ. ಬಾಲಗ್ರಹ ಅಂತ ಅಂತ್ರ ಕಟ್ಟುವವನ ದಕ್ಷಿಣೆಯೂ ಇದರಿಂದಲೇ ಬಂದದ್ದು.

ಚಮಚದ ಮಾತು ಬೇರೆ. ಅದು ಸುಮ್ನೆ ಕೂರುವ ವಸ್ತುವಲ್ಲ. ಹಲ್ಲು ಮುರಿದು ಗಂಟಲಿಗೆ ಹೋಗಬಹುದು, ಉಸಿರು ಕಟ್ಟಬಹುದು. ನಾಲಿಗೆಯನ್ನು ಯಾರೂ ನುಂಗುವುದಿಲ್ಲ. ಬಾಯಿಗೆ ಬೆರಳು, ಚಮಚ, ಬಟ್ಟೆ, ನೀರು, ಔಷಧಿ ಯಾವುದೂ ಬೇಡ. ಮಗುವನ್ನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ. ಕುತ್ತಿಗೆಯ ಹತ್ತಿರದ ಬಟ್ಟೆ ಸಡಿಲಿಸಿ. ಅದುರುವ ಕೈಕಾಲನ್ನು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ. ನಿಮಗೆ ಇಪ್ಪತ್ತು ನಿಮಿಷ ಅನ್ನಿಸಿದ್ದು ಗಡಿಯಾರದಲ್ಲಿ ಎರಡು ನಿಮಿಷ ಆಗಿರುತ್ತದೆ, ನನಗೆ ಬೇಕಾದದ್ದು ಗಡಿಯಾರದ ಲೆಕ್ಕ. ಐದು ನಿಮಿಷ ದಾಟಿತೋ, 108ಕ್ಕೆ ಫೋನ್ ಮಾಡಿ, ಇಲ್ಲವೇ ಕೈಗೆ ಸಿಕ್ಕ ಗಾಡಿ ಹತ್ತಿ. ಐದು ನಿಮಿಷದೊಳಗೆ ನಿಂತರೂ ಮೊದಲ ಸಲ ಆಗಿದ್ದರೆ ಅದೇ ರಾತ್ರಿ ಹೊರಡಬೇಕು. ಬೆಳಗಾಗಲಿ ಅಂತ ಕಾಯುವುದು ತಪ್ಪು. ನೀವು ಕಾದಿರಿ.

ಇನ್ನೊಬ್ಬರು ಮನೆಯಲ್ಲಿದ್ದರೆ ಅವರು ವಿಡಿಯೋ ಮಾಡಲಿ. ಬೈಯುತ್ತಾನೆ ಅಂದುಕೊಂಡಿರಾ? ಇಲ್ಲ, ವಿಡಿಯೋ ನನಗೆ ಬೇಕು. ಎರಡೂ ಕಡೆ ಅದುರಿತಾ, ಒಂದೇ ಕಡೆಯಾ, ಕಣ್ಣು ಯಾವ ಕಡೆ ತಿರುಗಿತ್ತು ಅನ್ನುವುದು ಗಾಬರಿಯಲ್ಲಿದ್ದ ತಾಯಿಗೆ ನೆನಪಿರುವುದಿಲ್ಲ. ಆದರೆ ಆ ವಿಡಿಯೋ ಡಾಕ್ಟರಿಗೆ, ಗ್ರೂಪಿಗಲ್ಲ.

ಈಗ ಆ್ಯಂಟಿಬಯೋಟಿಕ್ ವಿಷಯ. ನನಗೆ ಸಿಟ್ಟು ಬಂದದ್ದು ಬೀಗದ ಕೈಗಲ್ಲ, ಇದಕ್ಕೆ. ಜ್ವರ ಮತ್ತು ಫಿಟ್ಸ್ ಜೊತೆಯಾಗಿ ಬಂದರೆ ನಮ್ಮ ತಲೆಯಲ್ಲಿ ಎರಡು ಹೆಸರು ಓಡುತ್ತವೆ. ಒಂದು, ಸಾದಾ ಜ್ವರದ ಫಿಟ್ಸ್. ಇನ್ನೊಂದು, ಮೆದುಳು ಪೊರೆಯ ಸೋಂಕು, ಅಂದರೆ ಮೆನಿಂಜೈಟಿಸ್. ಮೊದಲನೆಯದಕ್ಕೆ ಹೆಚ್ಚಿನ ಚಿಕಿತ್ಸೆಯೇ ಬೇಡ. ಎರಡನೆಯದಕ್ಕೆ ಒಂದೊಂದು ಗಂಟೆಯೂ ಲೆಕ್ಕ. ತಡವಾದರೆ ಕಿವುಡು, ಬುದ್ಧಿಮಾಂದ್ಯ, ಸಾವು. ದೊಡ್ಡವರಾದರೆ ಕುತ್ತಿಗೆ ಬಿಗಿದಿರುತ್ತದೆ, ಪತ್ತೆ ಸುಲಭ. ವರ್ಷದೊಳಗಿನ ಮಗುವಿನಲ್ಲಿ ಆ ಬಿಗಿತ ಕಾಣದೆಯೂ ಇರಬಹುದು. ಮಗು ಮಂಕಾಗಿರುತ್ತದೆ, ಹಾಲು ಬಿಡುತ್ತದೆ, ಎತ್ತಿಕೊಂಡರೆ ಇನ್ನೂ ಜೋರಾಗಿ ಅಳುತ್ತದೆ, ನೆತ್ತಿ ಉಬ್ಬಿರಬಹುದು. ಇಂಥ ಮಗುವಿಗೆ ಮನೆಯಲ್ಲಿ ಎರಡು ಡೋಸ್ ಆ್ಯಂಟಿಬಯೋಟಿಕ್ ಬಿದ್ದರೆ ಏನಾಗುತ್ತದೆ? ಸೋಂಕು ಅರ್ಧ ಅಡಗುತ್ತದೆ, ಲಕ್ಷಣ ಮಸುಕಾಗುತ್ತದೆ, ರೋಗ ಒಳಗೇ ಇರುತ್ತದೆ. ಬೆನ್ನಿನ ನೀರನ್ನು ಪರೀಕ್ಷೆಗೆ ಕಳಿಸಿದರೂ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ನಿಮ್ಮ ಡಾಕ್ಟರು ಆ ಪರೀಕ್ಷೆ ಕೇಳಿದ್ದಕ್ಕೆ ಆ ಸಿರಪ್ಪೂ ಒಂದು ಕಾರಣ ಆಗಿರಬೇಕು. ಎಲ್ಲ ಲಸಿಕೆ ಹಾಕಿಸಿಕೊಂಡು, ಫಿಟ್ಸ್ ಆದ ಮೇಲೆ ನಗುತ್ತ ಆಡುವ ಮಗುವಿಗೆ ನಾವು ಸೂಜಿ ಚುಚ್ಚಲು ಹೋಗುವುದಿಲ್ಲ. 6ರಿಂದ 12 ತಿಂಗಳ ಮಗು, ಮೊದಲೇ ಆ್ಯಂಟಿಬಯೋಟಿಕ್ ಬಿದ್ದಿದೆ ಅಂದಾಗ ಲೆಕ್ಕ ಬದಲಾಗುತ್ತದೆ. ಆದ್ದರಿಂದ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ: ಹೌದು, ಅವರು ಕೇಳಿದ್ದು ಸರಿ.

ನಿಮ್ಮತ್ತೆಯವರಿಗೆ ಇದನ್ನು ಓದಿ ಹೇಳಿ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ನೀರು ಮತ್ತು ಅದರಲ್ಲಿ ತೇಲುವ ನರದ ಎಳೆಗಳು ಇರುವ ಜಾಗಕ್ಕೆ. ತೆಗೆಯುವುದು ಒಂದೆರಡು ಎಂಎಲ್. ದೇಹ ಆ ನೀರನ್ನು ಸದಾ ಹೊಸದಾಗಿ ತಯಾರಿಸುತ್ತಲೇ ಇರುತ್ತದೆ. ಊರಲ್ಲಿ ಯಾರದೋ ಮಗುವಿನ ಕಾಲು ಹೋಯಿತು ಅನ್ನುವ ಕತೆ ಎಲ್ಲರ ಹತ್ತಿರವೂ ಇರುತ್ತದೆ. ಬಹಳ ಸಲ ಆ ಮಗುವಿನ ಕೈಕಾಲು ಕೆಡಿಸಿದ್ದು ಮೆದುಳಿನ ಸೋಂಕು, ಬೈಗುಳ ತಿಂದದ್ದು ಸೂಜಿ. ಪರೀಕ್ಷೆಗೆ ನೀವು ಒಪ್ಪದ ಕಾರಣ ಡಾಕ್ಟರು ಅನುಮಾನದ ಮೇಲೇ ಇಂಜೆಕ್ಷನ್ ಕೊಡಬೇಕಾಯಿತು. ನಾನಾದರೂ ಅದನ್ನೇ ಮಾಡುತ್ತಿದ್ದೆ, ಗೊಣಗಿಕೊಂಡು.

ಮತ್ತೆ ಬರುತ್ತದಾ? ಬರಬಹುದು. ಒಟ್ಟಾರೆ ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಮೊದಲ ಸಲ ವರ್ಷದೊಳಗೇ ಬಂದಿದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಬಂದಿತ್ತಾ ಅಂತ ಅಜ್ಜಿಯರನ್ನು ಕೇಳಿ, ಇದು ಮನೆತನದಲ್ಲಿ ಹರಿಯುತ್ತದೆ. ಮೂರ್ಛೆರೋಗದ ಮಾತಿಗೆ ಬಂದರೆ, ಬೇರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುವಂಥದ್ದು, ಸಾದಾ ಜ್ವರದ ಫಿಟ್ಸ್ ಆದವರಲ್ಲಿ ನೂರಕ್ಕೆ ಒಂದೆರಡು. ಅಷ್ಟೇ. ಬುದ್ಧಿಗೆ, ಓದಿಗೆ ಇದರಿಂದ ಪೆಟ್ಟಿಲ್ಲ. ಸಾದಾ ಫಿಟ್ಸ್‌ಗೆ ಇಇಜಿ (ತಲೆಗೆ ವೈರ್ ಅಂಟಿಸಿ ಮಾಡುವ ಮೆದುಳಿನ ಪರೀಕ್ಷೆ), ಸಿಟಿ ಸ್ಕ್ಯಾನ್ ಬೇಕಿಲ್ಲ. ಯಾರಾದರೂ ಬರೆದುಕೊಟ್ಟರೆ ಯಾಕೆ ಅಂತ ಕೇಳಿ.

ಸಾದಾ ಅಲ್ಲದ್ದು ಯಾವುದು? ಹದಿನೈದು ನಿಮಿಷ ದಾಟಿದ್ದು, ಒಂದೇ ಕಡೆ ಅದುರಿದ್ದು, 24 ಗಂಟೆಯೊಳಗೆ ಎರಡನೇ ಸಲ ಬಂದದ್ದು, ಆಮೇಲೆ ಒಂದು ಗಂಟೆಯಾದರೂ ಮಗು ನಿಮ್ಮನ್ನು ಗುರುತಿಸದೆ ಮಂಕಾಗಿರುವುದು. ಮೈಮೇಲೆ ಒತ್ತಿದರೂ ಮಾಯವಾಗದ ನೇರಳೆ ಚುಕ್ಕೆ ಕಂಡರೆ ಓಡಿ. 6 ತಿಂಗಳೊಳಗಿನ ಮಗುವಿಗೆ ಫಿಟ್ಸ್ ಬಂದರೆ ಅದನ್ನು ‘ಜ್ವರದ್ದು’ ಅನ್ನುವ ಹಕ್ಕು ಯಾರಿಗೂ ಇಲ್ಲ. ಸೋಂಕು, ಸಕ್ಕರೆ ಅಂಶ ಇಳಿದದ್ದು, ಕ್ಯಾಲ್ಸಿಯಂ ಕಡಿಮೆಯಾದದ್ದು, ಎಲ್ಲವನ್ನೂ ನೋಡಬೇಕು. ನಮ್ಮಲ್ಲಿ ವಿಟಮಿನ್ ಡಿ ಕೊರತೆಯ ತಾಯಂದಿರು ಬಹಳ, ಅವರ ಎದೆಹಾಲಿನಲ್ಲೂ ಅದು ಕಡಿಮೆ, ಮಗುವಿನ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುತ್ತದೆ. ಹುಟ್ಟಿದಾಗಿನಿಂದ ವರ್ಷದವರೆಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಬರೆದುಕೊಡುವುದು ಇದಕ್ಕೇ. ಬಾಟಲಿ ಫ್ರಿಜ್ಜಿನ ಮೇಲೆ ಧೂಳು ಹಿಡಿದಿರುತ್ತದೆ, ಗೊತ್ತು ನನಗೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ, ಮಗುವಿಗೆ ಹಾಯೆನಿಸಲಿ ಅಂತ. ಅದು ಫಿಟ್ಸ್ ತಡೆಯುತ್ತದೆ ಅನ್ನುವ ನಂಬಿಕೆಯಿಂದ ಗಂಟೆಗೊಮ್ಮೆ ಸುರಿಯಬೇಡಿ, ತಡೆಯುವುದಿಲ್ಲ. ಜ್ವರ ಬಂದದ್ದು ಗೊತ್ತಾಗುವ ಮೊದಲೇ ಫಿಟ್ಸ್ ಬರುವುದೂ ಉಂಟು. ‘ನಾನು ಔಷಧಿ ಹಾಕುವುದು ತಡವಾಯಿತು’ ಅಂತ ಕೊರಗುವ ತಾಯಂದಿರೇ, ಆ ಕೊರಗು ಬಿಡಿ. ಐಸ್ ನೀರಿನಲ್ಲಿ ಒರೆಸುವುದನ್ನೂ ಬಿಡಿ. ಮಗು ನಡುಗಿ ಜ್ವರ ಇನ್ನೂ ಏರುತ್ತದೆ.

ಗ್ರೂಪಿನಲ್ಲಿ ‘ನಾನು ಐದು ಎಂಎಲ್ ಕೊಟ್ಟೆ, ನೀನೂ ಕೊಡು’ ಅನ್ನುತ್ತಾರಲ್ಲ, ಅದರ ಅಪಾಯ ಕೇಳಿ. ಪ್ಯಾರಾಸಿಟಮಾಲ್ ಹನಿಗಳ ಪುಟ್ಟ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ. ಸಿರಪ್‌ನಲ್ಲಿ ಐದು ಎಂಎಲ್‌ಗೆ 120 ಅಥವಾ 125, ಕೆಲವು ಬಾಟಲಿಯಲ್ಲಿ 250. ಎಂಟು ಕೆಜಿ ಮಗುವಿಗೆ ಒಂದು ಸಲಕ್ಕೆ 80ರಿಂದ 120 ಮಿಲಿಗ್ರಾಂ ಸಾಕು. ಗೆಳತಿ ಕೊಟ್ಟದ್ದು ಸಿರಪ್, ನಿಮ್ಮ ಕೈಯಲ್ಲಿರುವುದು ಹನಿ. ಐದು ಎಂಎಲ್ ಅಂದರೆ 500 ಮಿಲಿಗ್ರಾಂ ಹೋಯಿತು. ಇದನ್ನೇ ದಿನಕ್ಕೆ ನಾಲ್ಕು ಸಲ ಕೊಟ್ಟರೆ ಲಿವರ್ ಗತಿ ಏನು?

ಪದೇ ಪದೇ ಫಿಟ್ಸ್ ಬರುವ ಮಕ್ಕಳಿಗೆ, ಅದನ್ನು ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬರೆದುಕೊಡುತ್ತೇವೆ. ಎಷ್ಟು ಸಲ ಒತ್ತಬೇಕು ಅನ್ನುವುದು ತೂಕದ ಮೇಲೆ. ಅದನ್ನು ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿಕೊಂಡು ಬಾಟಲಿಗೆ ಅಂಟಿಸಿ. ಇನ್ನೊಂದು ಮಾತು. ಒಂದೂವರೆ ವರ್ಷದೊಳಗಿನ ಮಗುವಿಗೆ ಮೊದಲ ಸಲ ಫಿಟ್ಸ್ ಬಂದರೆ ನಾನು ಒಂದು ರಾತ್ರಿ ವಾರ್ಡಿನಲ್ಲಿ ಉಳಿಸಿಕೊಳ್ಳುತ್ತೇನೆ. ನನ್ನ ಜೊತೆಯ ಎಷ್ಟೋ ಡಾಕ್ಟರು ಕೆಲವು ಗಂಟೆ ನೋಡಿ ಮನೆಗೆ ಕಳಿಸುತ್ತಾರೆ, ಅದೂ ತಪ್ಪಲ್ಲ. ನನಗೆ ಪುಕ್ಕಲು ಸ್ವಭಾವ ಅಂದುಕೊಳ್ಳಿ, ಬದಲಾಗುವ ವಯಸ್ಸಲ್ಲ.

ನಿಮ್ಮ ಗ್ರೂಪ್ ಬಿಡಿ ಅಂತ ನಾನು ಹೇಳುವುದಿಲ್ಲ. ಬಾಣಂತನದ ನಡುರಾತ್ರಿಯಲ್ಲಿ ಎಚ್ಚರವಿರುವ ಇನ್ನೊಬ್ಬ ತಾಯಿ ಸಿಗುವುದು ಸಣ್ಣ ಮಾತಲ್ಲ. ಆದರೆ ಮಸ್ಕತ್‌ನಲ್ಲಿ ಕೂತ ಗೆಳತಿಗೆ ನಿಮ್ಮ ಮಗುವಿನ ನೆತ್ತಿ ಮುಟ್ಟಲು ಆಗುವುದಿಲ್ಲ. ಅವಳ ಮಗುವಿಗೆ ಏನೂ ಆಗಲಿಲ್ಲ ಅನ್ನುವುದು ನಿಮ್ಮ ಮಗುವಿನ ರಿಪೋರ್ಟ್ ಅಲ್ಲ. ಅಂಥ ಮೆಸೇಜ್ ಕಂಡ ಗೆಳತಿಯರು ಬರೆಯಬೇಕಾದದ್ದು ಒಂದೇ ಸಾಲು: ಫೋನ್ ಇಡು, ಆಸ್ಪತ್ರೆಗೆ ಹೊರಡು.

ಪ್ರಶ್ನೆ: ಫಿಟ್ಸ್ ಬಂದ ಮಗುವಿಗೆ ಮುಂದಿನ ಲಸಿಕೆ ಹಾಕಿಸಬಹುದೇ?

ಉತ್ತರ: ಹಾಕಿಸಲೇಬೇಕು. ಪೆಂಟಾವೇಲೆಂಟ್ ಮತ್ತು ನ್ಯೂಮೋಕಾಕಲ್ ಲಸಿಕೆ ಇರುವುದೇ ಮೇಲೆ ಹೇಳಿದ ಮೆನಿಂಜೈಟಿಸ್‌ನ ದೊಡ್ಡ ಕಾರಣಗಳನ್ನು ತಡೆಯಲು. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಪ್ರಶ್ನೆ: ಎರಡು ತಿಂಗಳ ಮಗುವಿಗೆ 100.8 ಜ್ವರ. ಹಾಲು ಕುಡಿಯುತ್ತಿದೆ. ನಾಳೆವರೆಗೆ ಕಾಯಬಹುದೇ?

ಉತ್ತರ: ಇಲ್ಲ. ಮೂರು ತಿಂಗಳೊಳಗೆ 100.4 ಮುಟ್ಟಿದರೆ ಈಗಲೇ ಆಸ್ಪತ್ರೆ. ಈ ಪತ್ರ ಅಂಚೆಗೆ ಹಾಕಿದ್ದೀರಿ, ಅದೇ ನನಗೆ ಅರ್ಥವಾಗಲಿಲ್ಲ.

ಪ್ರಶ್ನೆ: ಹಲ್ಲು ಬರುವಾಗ 103 ಜ್ವರ ಬರುವುದು ಸಹಜ ಅಲ್ವಾ?

ಉತ್ತರ: ಅಲ್ಲ. ಹಲ್ಲಿನ ಮೇಲೆ ಹಾಕಿದ ಗೂಬೆಯ ಅಡಿಯಲ್ಲಿ ಎಷ್ಟೋ ಮೂತ್ರದ ಸೋಂಕು ಅಡಗಿರುತ್ತದೆ.

ಪ್ರಶ್ನೆ: ಹೊಟ್ಟೆಗೆ ಬರೆ ಹಾಕಿದರೆ ಫಿಟ್ಸ್ ಮತ್ತೆ ಬರುವುದಿಲ್ಲ ಎಂದು ನಮ್ಮ ಊರಲ್ಲಿ ಹೇಳುತ್ತಾರೆ.

ಉತ್ತರ: ಬಳೆಚೂರು, ಊದುಬತ್ತಿ ಕಾಯಿಸಿ ಹಸುಗೂಸಿನ ಹೊಟ್ಟೆ ಸುಡುವವರು ವೈದ್ಯರಲ್ಲ, ಅಪರಾಧಿಗಳು. ಸುಟ್ಟ ಗಾಯಕ್ಕೆ ಸೋಂಕು ತಗುಲಿ ರಕ್ತಕ್ಕೆ ಏರಿದ ಮಕ್ಕಳನ್ನು ನಾನು ನೋಡಿದ್ದೇನೆ. ಹೇಳಿದವರು ಎಷ್ಟೇ ಹಿರಿಯರಾಗಲಿ, ಮಗುವನ್ನು ಅವರ ಕೈಗೆ ಕೊಡಬೇಡಿ.

ಪ್ರಶ್ನೆ: ಶೀತಕ್ಕೆ ಅಂಗಡಿಯವರೇ ಕೊಟ್ಟ ಕೆಮ್ಮಿನ ಸಿರಪ್ ಹಾಕಬಹುದೇ? ಮಗುವಿಗೆ ಒಂದು ವರ್ಷ.

ಉತ್ತರ: 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಓದಲಿಲ್ಲವೇ? ಕಲಬೆರಕೆ ಇಲ್ಲದಿದ್ದರೂ ಎರಡು ವರ್ಷದೊಳಗೆ ಬೇಡ. ಜ್ವರಕ್ಕೆ ಅಂತ ನಿಮೆಸುಲೈಡ್ ಅನ್ನುವ ಔಷಧಿ ಕೊಟ್ಟರೆ ವಾಪಸ್ ಕೊಡಿ, 12 ವರ್ಷದೊಳಗಿನವರಿಗೆ ಅದನ್ನು 2011ರಲ್ಲೇ ನಿಷೇಧಿಸಿದ್ದಾರೆ.

ಪ್ರಶ್ನೆ: ಮೂಗಿಗೆ, ಕಿವಿಗೆ ಎಣ್ಣೆ? ನಾಲಿಗೆಗೆ ಜೇನು?

ಉತ್ತರ: ಬೇಡ. ಬೇಡ. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಪ್ರಶ್ನೆ: ಆನ್‌ಲೈನ್ ಗೆಳತಿಯ ಮಗು ಐಸಿಯುನಲ್ಲಿದೆ. ನಾವೆಲ್ಲ ದೂರದಲ್ಲಿದ್ದೇವೆ. ಏನು ಬರೆಯಬೇಕು ತಿಳಿಯುತ್ತಿಲ್ಲ.

ಉತ್ತರ: ರಿಪೋರ್ಟ್ ಕಳಿಸು ಅನ್ನಬೇಡಿ. ಅಲ್ಲಿ ಯಾಕೆ, ಇನ್ನೂ ದೊಡ್ಡ ಆಸ್ಪತ್ರೆಗೆ ಹೋಗು ಅನ್ನಬೇಡಿ. ನಿಮ್ಮ ಚಿಕ್ಕಮ್ಮನ ಮೊಮ್ಮಗು ಇದೇ ಕಾಯಿಲೆಯಲ್ಲಿ ಹೋದ ಕತೆಯಂತೂ ಬೇಡ. ಐಸಿಯು ಹೊರಗೆ ಬೆಂಚಿನ ಮೇಲೆ ಕೂತ ತಾಯಿ ಬಹಳ ಸಲ ಬೆಳಗಿನಿಂದ ಊಟ ಮಾಡಿರುವುದಿಲ್ಲ. ಆ ಊರಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇದ್ದರೆ ಒಂದು ಡಬ್ಬಿ ಊಟ ಕಳಿಸಿ. ಹಣ ಕೂಡಿಸುವುದಾದರೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಫೋನ್ ಮಾಡಿ, ನೇರ ಅಲ್ಲಿಗೇ ಕಟ್ಟಿ. ಮಗುವಿನ ಮೂಗಿನಲ್ಲಿ ಪೈಪ್ ಇರುವ ಫೋಟೋವನ್ನು ನಾಲ್ಕು ಗ್ರೂಪಿಗೆ ತಳ್ಳಬೇಡಿ. ಅದೇ ಫೋಟೋಗೆ ಬೇರೆ ಅಕೌಂಟ್ ನಂಬರ್ ಹಾಕಿ ದುಡ್ಡು ಎತ್ತುವವರಿದ್ದಾರೆ.

ಪ್ರಶ್ನೆ: ಮಗುವಿನ ರಿಪೋರ್ಟ್‌ಗಳನ್ನು ನಿಮ್ಮ ವಾಟ್ಸಾಪ್‌ಗೆ ಕಳಿಸಬಹುದೇ?

ಉತ್ತರ: ಬೇಡ. ಮಗುವನ್ನೇ ಹತ್ತಿರದ ಡಾಕ್ಟರಿಗೆ ತೋರಿಸಿ.