ಧರಣಿಗೆ ‘ಪರ್ಮಿಷನ್ ಇಲ್ಲ’ ಎಂದು ಬಾಯಿಮಾತಲ್ಲಿ ಹೇಳಿದರೆ

ಬಾಗಲಕೋಟೆಯಲ್ಲಿ ಮುಳುಗಡೆ ಪರಿಹಾರಕ್ಕಾಗಿ ಧರಣಿ ಕೂರಲು ಅರ್ಜಿ ಕೊಟ್ಟರೆ ಪೊಲೀಸ್ ಠಾಣೆಯಲ್ಲಿ ಬಾಯಿಮಾತಲ್ಲೇ ಬೇಡ ಅಂದರು, ಈಗೇನು ಮಾಡುವುದು ಎಂದು ಕೇಳಿದ್ದೀರಿ. ಬೇಡ ಅಂದದ್ದಕ್ಕೆ ಕಾರಣ ಬಹುಶಃ ನಿಮ್ಮ ಅರ್ಜಿಯ ಈ ಸಾಲು: ‘ಬೇಡಿಕೆ ಈಡೇರುವವರೆಗೆ ರಸ್ತೆಯಲ್ಲೇ ಕೂರುತ್ತೇವೆ.’ ಆಯುಧವಿಲ್ಲದೆ ಶಾಂತಿಯಿಂದ ಸೇರುವುದು ಸಂವಿಧಾನದ 19ನೇ ವಿಧಿಯ ಹಕ್ಕು, ನಿಜ. ಆದರೆ ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಮೊದಲು ಅರ್ಜಿ ಬದಲಿಸಿ. ಜಾಗ, ದಿನ, ಶುರುವಾಗುವ ಮತ್ತು ಮುಗಿಯುವ ವೇಳೆ, ಅಂದಾಜು ಜನ, ಜವಾಬ್ದಾರರ ಫೋನ್ ನಂಬರ್ ಬರೆಯಿರಿ. ರಸ್ತೆಯ ಒಂದು ಬದಿ ಬಿಡುತ್ತೇವೆ ಎಂದೂ ಸೇರಿಸಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ.

ಮತ್ತೆ ಬೇಡ ಅಂದರೆ ಸುಮ್ನೆ ವಾಪಸ್ ಬರಬೇಡಿ. ಕಾರಣ ಸಹಿತ ಹಿಂಬರಹ, ಅಂದರೆ ಅರ್ಜಿಗೆ ಲಿಖಿತ ಉತ್ತರ, ಕೇಳಿ. ನಿರ್ಬಂಧ ಹಾಕುವ ಅಧಿಕಾರ ಅವರಿಗಿದೆ, ಆದರೆ ಅದು ಸಮಂಜಸವಾಗಿರಬೇಕು. ಬಾಯಿಮಾತನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಬಹಳ ಕಷ್ಟ.

ನಿಷೇಧಾಜ್ಞೆ ಇದೆ ಅಂದರೆ ಪ್ರತಿ ಕೇಳಿ. ಈಗ ಅದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 163ನೇ ಕಲಂ, ಹಳೆಯ ಸಿಆರ್‌ಪಿಸಿಯ 144. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಜಾಸ್ತಿ ನಡೆಯದು. ಅದನ್ನು ಪ್ರಕಟಿಸಲೇಬೇಕು. ಸಡಿಲಿಸಿ ಎಂದು ಮ್ಯಾಜಿಸ್ಟ್ರೇಟರಿಗೇ ಅರ್ಜಿ ಕೊಡಬಹುದು. ಆಜ್ಞೆ ಜಾರಿಯಲ್ಲಿರುವಾಗ ಮಾತ್ರ ದಯವಿಟ್ಟು ಕೂರಬೇಡಿ. ಕೇಸು ಬಿದ್ದರೆ ಅಲೆಯುವವರು ಊರಿನ ಹಿರಿಯರೇ ಅಲ್ವಾ?

ಆಮೇಲೂ ಆಗದಿದ್ದರೆ 226ನೇ ವಿಧಿಯಡಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬಹುದು. ಗೆಲ್ಲುತ್ತೀರೋ ಇಲ್ಲವೋ ಹಿಂಬರಹದ ಕಾರಣ ನೋಡದೆ ಹೇಳಲಾಗದು. ವಕೀಲರ ಫೀಸು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವಿದೆ.